ಹೊಸ್ತಿಲು ದಾಟುವ ಮುನ್ನ

ಇವತ್ತು ಪದವಿ ಪಡೆಯುತ್ತಿರುವ ನನ್ನ ಪ್ರೀತಿಯ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಇತಿಹಾಸ ಓದಿದವರಿದ್ದೀರಿ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ ಓದಿದವರಿದ್ದೀರಿ. ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳಿದ್ದೀರಿ. ನಿಮ್ಮ ತರಗತಿಗಳು ಬೇರೆ, ಪ್ರಶ್ನೆಪತ್ರಿಕೆಗಳು ಬೇರೆ, ಗ್ರಂಥಾಲಯದಲ್ಲಿ ನೀವು ಹುಡುಕುವ ಕಪಾಟುಗಳೂ ಬೇರೆ. ಆ ಎಲ್ಲ ಕಪಾಟುಗಳಲ್ಲೂ ಸಿಗುವ ಒಂದು ಕಾಯಿಲೆಯ ಬಗ್ಗೆ ಮಾತಾಡಲು ನಾನು ಬಂದಿದ್ದೇನೆ. 1896ರಲ್ಲಿ ಮುಂಬಯಿಗೆ ಬಂದು, ಎರಡು ವರ್ಷದೊಳಗೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರು, ಮೈಸೂರನ್ನು ಮುಟ್ಟಿದ ಪ್ಲೇಗು ಅದು. ಮುಂದಿನ ಕೆಲವು ದಶಕಗಳಲ್ಲಿ ಈ ದೇಶದ ಒಂದು ಕೋಟಿಗೂ ಹೆಚ್ಚು ಜನರನ್ನು ಅದು ಒಯ್ದಿತು.

ಆ ಚರಿತ್ರೆಯನ್ನು ಒಂದೇ ಪ್ರಶ್ನೆ ಹಿಡಿದು ಓದಿ ಎಂಬುದು ನನ್ನ ಕೋರಿಕೆ. ರೋಗಿಯ ಮನೆಯ ಹೊಸ್ತಿಲನ್ನು ಯಾರು ದಾಟಿದರು, ಹೇಗೆ ದಾಟಿದರು?

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಬಂದರಿನ ಬಳಿಯ ಕೇರಿಯಲ್ಲಿ ಇದು ಪ್ಲೇಗು ಎಂದು ಗುರುತಿಸಿದವರು ಡಾ. ಅಕಾಸಿಯೊ ವಿಯೆಗಾಸ್. ಅದಕ್ಕೆ ಎರಡು ವರ್ಷ ಮೊದಲು ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಮತ್ತು ಕಿಟಸಾಟೊ ಈ ರೋಗದ ಬ್ಯಾಕ್ಟೀರಿಯವನ್ನು ಕಂಡಿದ್ದರು. ಆದರೆ ಅದು ಒಬ್ಬರಿಂದ ಒಬ್ಬರಿಗೆ ಹೇಗೆ ಹೋಗುತ್ತದೆ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಗಾಳಿಯಿಂದ ಎಂದರು, ಕೊಳಕಿನಿಂದ ಎಂದರು, ನೆಲದಿಂದ ಏಳುವ ವಿಷದಿಂದ ಎಂದರು. ತಿಳಿವಳಿಕೆ ಇಷ್ಟು ಕಡಿಮೆಯಿದ್ದಾಗಲೇ ಅಧಿಕಾರ ಅತಿ ಹೆಚ್ಚಾಯಿತು. 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಆಗ ಅದರಲ್ಲಿದ್ದುದು ನಾಲ್ಕೇ ಸೆಕ್ಷನ್ನುಗಳು. ಅದನ್ನು ಇವತ್ತು ಸಂಜೆಯೇ ಓದಿ, ಹತ್ತು ನಿಮಿಷ ಸಾಕು. ಸರಕಾರ ಏನೇನು ಮಾಡಬಹುದು ಎಂದು ಅದರಲ್ಲಿದೆ, ಮಾತು ಮೀರಿದವರಿಗೆ ಶಿಕ್ಷೆ ಏನು ಎಂದಿದೆ, ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂದಿದೆ. ರೋಗಿಗೆ ಏನು ಸಿಗಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ.

ಆ ಕಾಯಿದೆ ಪುಣೆಯ ಓಣಿಗಳಿಗೆ ಬೂಟು ಹಾಕಿಕೊಂಡು ಬಂತು. ಪ್ಲೇಗ್ ಸಮಿತಿಯ ಅಧ್ಯಕ್ಷ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಮನೆಮನೆ ಶೋಧನೆಗೆ ಸೈನಿಕರನ್ನು ಇಳಿಸಿದ. ಅಡುಗೆಮನೆ, ದೇವರಕೋಣೆ, ಬಾಣಂತಿಯ ಕೋಣೆ ಯಾವುದೂ ಉಳಿಯಲಿಲ್ಲ. ಪ್ಲೇಗಿನ ಗಂಟು ಇದೆಯೇ ಎಂದು ಹೆಂಗಸರನ್ನೂ ಅಂಗಳಕ್ಕೆ, ಬೀದಿಗೆ ಕರೆತಂದು ನೋಡಿದರು. ರೋಗಿ ಸಿಕ್ಕರೆ ಆಸ್ಪತ್ರೆಗೆ, ಮನೆಯವರು ಪ್ರತ್ಯೇಕ ಶಿಬಿರಕ್ಕೆ. ಹಾಸಿಗೆ ಬಟ್ಟೆ ಬೆಂಕಿಗೆ. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಔತಣದಿಂದ ಮರಳುತ್ತಿದ್ದ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಏಯರ್ಸ್ಟ್ ಇಬ್ಬರಿಗೂ ಚಾಪೇಕರ್ ಸಹೋದರರು ಗಣೇಶಖಿಂಡ್ ರಸ್ತೆಯಲ್ಲಿ ಗುಂಡಿಕ್ಕಿದರು. ಏಯರ್ಸ್ಟ್ ಸ್ಥಳದಲ್ಲೇ ಸತ್ತ, ರ‍್ಯಾಂಡ್ ಕೆಲವು ದಿನಗಳ ನಂತರ. ದಾಮೋದರ ಚಾಪೇಕರನಿಗೆ ಗಲ್ಲಾಯಿತು. 'ಕೇಸರಿ'ಯ ಬರಹಗಳಿಗಾಗಿ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಸಜೆಯಾಯಿತು. ಸರಕಾರದ ಬಗ್ಗೆ ಪ್ರೀತಿ ಇಲ್ಲದಿರುವುದನ್ನೂ ಅಪರಾಧವಾಗಿಸುವಷ್ಟು ಆ ವಿಚಾರಣೆಯಲ್ಲಿ 124-ಎ ಸೆಕ್ಷನ್ನನ್ನು ಹಿಗ್ಗಿಸಲಾಯಿತು. ಮರುವರ್ಷ ಸೆಕ್ಷನ್ನೇ ತಿದ್ದುಪಡಿಯಾಯಿತು. ಆ ನೆರಳು ಸ್ವತಂತ್ರ ಭಾರತದ ಪತ್ರಕರ್ತರ ಮೇಲೂ, ವಿದ್ಯಾರ್ಥಿಗಳ ಮೇಲೂ ಬಿತ್ತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯುವವರೆಗೆ ಬಿದ್ದೇ ಇತ್ತು. ಒಂದು ಜ್ವರ ಒಂದು ಕಾನೂನನ್ನು ಹೇಗೆ ಬೆಳೆಸಿತು ನೋಡಿ.

ಅದೇ ಪುಣೆಯಲ್ಲಿ, ಅದೇ ಬೇಸಿಗೆಯ ಮೊದಲಲ್ಲಿ ಇನ್ನೊಬ್ಬರು ರೋಗಿಗಳ ಹೊಸ್ತಿಲು ದಾಟುತ್ತಿದ್ದರು. ಸಾವಿತ್ರಿಬಾಯಿ ಫುಲೆ. ಪತಿ ಜ್ಯೋತಿಬಾ ತೀರಿಹೋಗಿ ಆರು ವರ್ಷವಾಗಿತ್ತು. ವೈದ್ಯನಾಗಿದ್ದ ದತ್ತುಮಗ ಯಶವಂತನನ್ನು ಕರೆಸಿಕೊಂಡು ಊರ ಹೊರಗೆ ಚಿಕಿತ್ಸಾಲಯ ತೆರೆಸಿದರು. ಬೇರೆಯವರು ಮುಟ್ಟಲು ಹೆದರುತ್ತಿದ್ದ ರೋಗಿಗಳನ್ನು ತಾವೇ ಹೋಗಿ ಕರೆತಂದರು. ದಲಿತ ಕೇರಿಯ ಹುಡುಗನೊಬ್ಬನನ್ನು ಹೊತ್ತು ತಂದಾಗ ಅವರಿಗೆ ಸೋಂಕು ತಗುಲಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. 1897ರ ಮಾರ್ಚ್ 10ರಂದು ತೀರಿಕೊಂಡರು. ಪಠ್ಯಪುಸ್ತಕಗಳಲ್ಲಿ ಸಾವಿತ್ರಿಬಾಯಿ ಮೊದಲ ಶಿಕ್ಷಕಿಯಾಗಿ ಬರುತ್ತಾರೆ, ಅದು ಸರಿಯೇ. ಆದರೆ ಈ ದೇಶದ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲೂ ಅವರಿಗೆ ಒಂದು ಅಧ್ಯಾಯ ಸಲ್ಲಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

ಇತಿಹಾಸದ ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕಾದ ಇನ್ನೊಂದು ಪ್ರಸಂಗವಿದೆ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಆಗ ಪುಣೆಯಲ್ಲಿ ಅನಾಥ ಹೆಣ್ಣುಮಕ್ಕಳಿಗೂ ವಿಧವೆಯರಿಗೂ ಆಸರೆ ಕೊಟ್ಟಿದ್ದರು. ಪ್ಲೇಗ್ ಆಸ್ಪತ್ರೆಗೆ ಒಯ್ದ ಹೆಣ್ಣುಮಕ್ಕಳ ಸ್ಥಿತಿಯ ಬಗ್ಗೆ ಅವರು ಪತ್ರಿಕೆಗೆ ಬರೆದರು. ಅದೇ ವರ್ಷ ಇಂಗ್ಲೆಂಡಿನಲ್ಲಿದ್ದ ಗೋಖಲೆಯವರು, ಊರಿನಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ಎಸಗಿದ್ದಾರೆ ಎಂದು ಬಹಿರಂಗವಾಗಿ ಹೇಳಿದರು. ಹಿಂದಿರುಗಿದಾಗ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಬರೆದ ಗೆಳೆಯರ ಹೆಸರನ್ನು ಅವರು ಬಿಟ್ಟುಕೊಡಲಿಲ್ಲ. ಬೇಷರತ್ತಾಗಿ ಕ್ಷಮೆ ಕೇಳಿದರು, ತಮ್ಮವರಿಂದಲೇ ಹೇಡಿ ಎನ್ನಿಸಿಕೊಂಡರು. ಸರಕಾರದ ಕಡತದಲ್ಲಿ ಈ ವಿಷಯ ಅಲ್ಲಿಗೆ ಮುಗಿಯುತ್ತದೆ: ಆರೋಪ ಸುಳ್ಳು, ಕ್ಷಮೆ ಕೇಳಲಾಗಿದೆ. ಆದರೆ 1897ರಲ್ಲಿ ಯಾವ ಮನೆಯ ಹೆಂಗಸು ಕಲೆಕ್ಟರನ ಎದುರು ನಿಂತು ತನ್ನ ಹೆಸರು ಹೇಳಿ ಇಂಥ ಮಾತಾಡಬಲ್ಲವಳಾಗಿದ್ದಳು? ಯಾವ ಗಂಡ, ಯಾವ ಅತ್ತೆ ಅವಳನ್ನು ಕಳಿಸುತ್ತಿದ್ದರು? ಕಡತ ಸುಮ್ಮನಿದೆ ಎಂದಮಾತ್ರಕ್ಕೆ ಏನೂ ನಡೆಯಲಿಲ್ಲ ಎಂದಾಗದು. ನಡೆದೇ ಇತ್ತು ಎಂದು ನಾವು ಊಹಿಸಿ ಬರೆಯಲೂ ಬಾರದು. ಈ ಎರಡರ ನಡುವೆ ನಿಂತು ಪ್ರಾಮಾಣಿಕವಾಗಿ ಬರೆಯುವುದು ಕಷ್ಟ. ನೀವು ಸಂಶೋಧನೆಗೆ ಹೋಗುವುದಾದರೆ ಈ ಕಷ್ಟವನ್ನು ಎದುರಿಸಲೇಬೇಕು.

ಈಗ ವಿಜ್ಞಾನದ ಕಡೆಗೆ. ಮಂಗಳಾರತಿಯೂ ಹರಕೆಯೂ ಬಿಟ್ಟರೆ ಹಳ್ಳಿಯವರಿಗೆ ಏನೂ ಗೊತ್ತಿರಲಿಲ್ಲ, ಸರಕಾರದ ಬಳಿ ವಿಜ್ಞಾನವಿತ್ತು ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ಅದು ಅನ್ಯಾಯದ ಮಾತು. ಮನೆಯಲ್ಲಿ ಇಲಿ ಬಿದ್ದವು ಎಂದು ಗೊತ್ತಾದ ಕೂಡಲೇ ನಮ್ಮ ಹಳ್ಳಿಗಳ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 'ಸಂಸ್ಕಾರ' ಕಾದಂಬರಿ ಓದಿದವರಿಗೆ ದೂರ್ವಾಸಪುರದ ಇಲಿಗಳು ನೆನಪಿರುತ್ತವೆ. ಅತ್ತ ಅಧಿಕಾರಿಗಳು ಮಾಡು ಕಿತ್ತು ಬಿಸಿಲು ಬಿಡುತ್ತಿದ್ದರು, ಗೋಡೆಗೆ ಕಾರ್ಬಾಲಿಕ್ ಆಮ್ಲ ಎರಚುತ್ತಿದ್ದರು. ಇಲಿಗಳು ಪಕ್ಕದ ಮನೆಗೆ ಓಡುತ್ತಿದ್ದವು. ಇಲಿಯ ಮೈಮೇಲಿನ ಚಿಗಟವೇ ರೋಗ ದಾಟಿಸುತ್ತದೆ ಎಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿಕೊಟ್ಟಿದ್ದು 1898ರಲ್ಲಿ. ಅದನ್ನು ಸರಕಾರಿ ವೈದ್ಯಲೋಕ ಒಪ್ಪಲು ಇನ್ನೂ ಏಳೆಂಟು ವರ್ಷ ಬೇಕಾಯಿತು. ಸತ್ತ ಇಲಿ ಕಂಡು ಮನೆ ಬಿಟ್ಟ ರೈತ ಕಾರಣ ತಿಳಿಯದೆಯೂ ಸರಿಯಾದುದನ್ನೇ ಮಾಡಿದ್ದ. ಅವನನ್ನು ಯಾರೂ ಕೇಳಲಿಲ್ಲ.

ನಮ್ಮ ನೆರೆಯ ಹುಬ್ಬಳ್ಳಿಯ ಕಥೆಯನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿದ್ದೇನೆ. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಅದೇ ತಿಂಗಳು ಬೈಕುಲ್ಲಾ ಜೈಲಿನ ಕೈದಿಗಳ ಮೇಲೆ ಪ್ರಯೋಗ ನಡೆಯಿತು. ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳು ಎಂದು ದಾಖಲೆ ಹೇಳುತ್ತದೆ. ಕಂಬಿಯ ಹಿಂದಿರುವವನ ಇಚ್ಛೆ ಎಷ್ಟು ಸ್ವಂತದ್ದು ಎಂದು ಕೇಳುವ ಹಕ್ಕು ನಮಗಿದೆ. ಮರುವರ್ಷ ಪ್ಲೇಗು ಹುಬ್ಬಳ್ಳಿಯನ್ನು ಭೀಕರವಾಗಿ ಹಿಡಿಯಿತು. ಆಗ ಅಲ್ಲಿ ಡಾ. ಲ್ಯೂಮನ್ ಎಂಬ ವೈದ್ಯಾಧಿಕಾರಿ ಊರಿನ ಬಹುಪಾಲು ಜನರಿಗೆ ಲಸಿಕೆ ಹಾಕಿಸಿದ. ಧಾರವಾಡ, ಗದಗಗಳಲ್ಲಿ ಆಲಿಸ್ ಕಾರ್ತಾರ್ನ್ ಎಂಬ ವೈದ್ಯೆ ಇದೇ ಕೆಲಸ ಮಾಡಿದರು. ಮುಂಬಯಿಯಲ್ಲಿ ಅದೇ ವರ್ಷದ ಮಾರ್ಚ್ 9ರಂದು, ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಒಯ್ಯಲು ಬಂದವರ ವಿರುದ್ಧ ನೇಕಾರರ ಕೇರಿ ಸಿಡಿದೆದ್ದು ರಕ್ತಪಾತವಾಗಿತ್ತು. ಕೆಲವೇ ತಿಂಗಳ ಅಂತರದಲ್ಲಿ ಇಲ್ಲಿ ಜನ ತೋಳು ಚಾಚಿದರು.

ಇಲ್ಲಿ ಒತ್ತಡವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಲಸಿಕೆಯ ಸರ್ಟಿಫಿಕೇಟ್ ಇದ್ದವರಿಗೆ ಶಿಬಿರವಾಸದ, ಪ್ರಯಾಣದ ತಡೆಗಳಿಂದ ವಿನಾಯಿತಿ ಸಿಗುತ್ತಿತ್ತು. ಅದೂ ಒಂದು ಒತ್ತಡವೇ. ಆದರೂ ಕೋವಿಯ ಬದಲು ಸೂಜಿ ಹಿಡಿದ ಒಬ್ಬ ವೈದ್ಯೆ ಒಳಕೋಣೆಯ ಹೆಂಗಸನ್ನು ಮಾತಾಡಿಸುವುದಕ್ಕೂ, ಸೈನಿಕ ಆ ಕೋಣೆಯ ಬಾಗಿಲು ಒದೆಯುವುದಕ್ಕೂ ಇರುವ ದೂರವನ್ನು ಯಾವ ಅಂಕಿಅಂಶದ ಕೋಷ್ಟಕವೂ ಅಳೆಯಲಾರದು. ಆ ಲಸಿಕೆ ಹಾಕಿಸಿಕೊಂಡರೆ ಜ್ವರ ಬರುತ್ತಿತ್ತು, ತೋಳು ಬಾಯುತ್ತಿತ್ತು. ಕೂಲಿಯವನಿಗೆ ಆ ದಿನಗಳ ಕೂಲಿ ಹೋಗುತ್ತಿತ್ತು. ಹೆದರಿಕೆಯನ್ನು ಮೂಢನಂಬಿಕೆ ಎಂದು ಬರೆದಿಡುವ ಮೊದಲು ಇಂಥ ಲೆಕ್ಕಗಳನ್ನು ನೋಡಬೇಕು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಕೆಟ್ಟಿದ್ದು ಒಂದು ಸೀಸೆ. ಸರಕಾರ ಹಾಫ್‌ಕಿನ್ನನ ತಲೆಗೆ ಹೊಣೆ ಕಟ್ಟಿತು, ಐದು ವರ್ಷದ ನಂತರ ತಪ್ಪು ಅವನದಲ್ಲ ಎಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಆ ಭಾಗದ ಹಳ್ಳಿಗಳ ವಿಶ್ವಾಸ ಹೋಗಿಯಾಗಿತ್ತು.

ಬೆಂಗಳೂರಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 1898ರ ಆಗಸ್ಟಿನಲ್ಲಿ ಪ್ಲೇಗು ರೈಲು ಹತ್ತಿ ಅಲ್ಲಿಗೆ ಹೋಯಿತು. ಮೈಸೂರು ಸಂಸ್ಥಾನದಲ್ಲಿ ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರಾದರು. ಆಗಷ್ಟೇ ಗೆರೆ ಎಳೆದಿದ್ದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ತುಂಬತೊಡಗಿದವು. ಅಗಲ ರಸ್ತೆ, ಮನೆಯ ಹಿಂದೆ ಕಸ ಸಾಗಿಸುವ ಓಣಿ, ಗಾಳಿ, ಬೆಳಕು. ಅಲ್ಲಿ ಮನೆ ಕಟ್ಟಿದವರಲ್ಲಿ ಹೆಚ್ಚಿನವರು ಮೇಲ್ಜಾತಿಯ, ಸರಕಾರಿ ನೌಕರಿಯ ಕುಟುಂಬದವರು. ಪೇಟೆಯ ಇಕ್ಕಟ್ಟಿನಲ್ಲಿ ಉಳಿದವರಿಗೆ ಪ್ಲೇಗಮ್ಮನ ಗುಡಿ ಉಳಿಯಿತು. ನಗರಯೋಜನೆ ಓದಿದವರು ಈ ಬಡಾವಣೆಗಳ ನಕ್ಷೆಯನ್ನು ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ಆ ನಕ್ಷೆಯ ಹೊರಗೆ ಯಾರಿದ್ದರು ಎಂಬುದನ್ನೂ ಅದರ ಜೊತೆಗೇ ಓದಬೇಕು.

ಇವೆಲ್ಲ ಹಳೆಯ ಮಾತಾಗಿ ಉಳಿಯಲಿಲ್ಲ. 2020ರ ಮಾರ್ಚಿನಲ್ಲಿ, ಕೋವಿಡ್ ಹರಡತೊಡಗಿದಾಗ, ನಮ್ಮ ರಾಜ್ಯ ಮೊದಲು ಕೈಗೆತ್ತಿಕೊಂಡಿದ್ದು ಅದೇ 1897ರ ಕಾಯಿದೆಯನ್ನು. ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಿದೆವು. ಮನೆಗಳ ಮುಂದೆ ಪಟ್ಟಿ ಕಟ್ಟಿದೆವು, ಚೀಟಿ ಅಂಟಿಸಿದೆವು. ಅದೇ ವರ್ಷ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿಕೊಂಡಿತು; ಆರೋಗ್ಯ ಕಾರ್ಯಕರ್ತರ ಮೇಲೆ ಹಲ್ಲೆ ಮಾಡಿದವರಿಗೆ ಶಿಕ್ಷೆ ವಿಧಿಸುವ ಅವಕಾಶ ಬಂತು. ಅದು ಬೇಕಾಗಿತ್ತು. ಅದೇ 2020ರ ಜುಲೈಯಲ್ಲಿ, ಸೋಂಕು ಏರುತ್ತಿದ್ದಾಗ, ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೇಳಿ ಮುಷ್ಕರ ಹೂಡಿದರು. ಪ್ರತಿ ಓಣಿಯ ಪ್ರತಿ ಹೊಸ್ತಿಲನ್ನೂ ದಾಟಿದವರು ಅವರೇ. ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಮುದುಕ ಕೆಮ್ಮು ಮುಚ್ಚಿಡುತ್ತಿದ್ದಾನೆ ಎಂದು ಅವರಿಗೆ ಗೊತ್ತಿತ್ತು, ಏಕೆಂದರೆ ವರ್ಷಗಳಿಂದ ಆ ಮನೆಗಳಲ್ಲಿ ಅವರು ನೀರು ಕುಡಿದಿದ್ದರು. ಸರಕಾರದ ಲೆಕ್ಕದಲ್ಲಿ ಅವರು ಇಂದಿಗೂ ನೌಕರರಲ್ಲ, ಸ್ವಯಂಸೇವಕಿಯರು. ಇದು ನನಗೆ ನೋವಿನ ವಿಷಯ, ಸಿಟ್ಟಿನ ವಿಷಯವೂ ಹೌದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ತಹಶೀಲ್ದಾರರಾಗುತ್ತೀರಿ, ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೂರುತ್ತೀರಿ, ಸುತ್ತೋಲೆ ಬರೆಯುತ್ತೀರಿ. ಮುಂದಿನ ಸೋಂಕು ಬಂದಾಗ ನಿಮ್ಮ ಮೇಜಿನ ಮೇಲೆ ಒಂದು ಕರಡು ಆದೇಶ ಇರುತ್ತದೆ. ಯಾರನ್ನು ತಡೆಯಬೇಕು, ಎಲ್ಲಿಗೆ ಒಯ್ಯಬೇಕು ಎಂದು ಅದರಲ್ಲಿ ವಿವರವಾಗಿ ಬರೆದಿರುತ್ತದೆ. ಒಯ್ದವರ ಮನೆಯ ಎಮ್ಮೆಗೆ ಮೇವು ಹಾಕುವವರು ಯಾರು, ನಿಂತುಹೋದ ಕೂಲಿ ಕೊಡುವವರು ಯಾರು, ಹೆಂಗಸರನ್ನು ಪರೀಕ್ಷಿಸಲು ಹೆಂಗಸರೇ ಇದ್ದಾರೆಯೇ, ತಪ್ಪಾದರೆ ದೂರು ಕೊಡುವುದು ಎಲ್ಲಿ ಎಂಬುದು ಇಲ್ಲದಿದ್ದರೆ ಸಹಿ ಹಾಕುವ ಮೊದಲು ಅದನ್ನು ಸೇರಿಸಿ. ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆಯಿರಿ, ಕುರ್ಚಿ ಕೊಡಿ, ಮೊದಲು ಅವಳ ಮಾತು ಕೇಳಿ.

ಸಂಶೋಧನೆಗೆ ಹೋಗುವವರಿಗೆ ನಮ್ಮ ಜಿಲ್ಲೆಗಳಲ್ಲೇ ಬೇಕಾದಷ್ಟು ಕೆಲಸವಿದೆ. ಹಳೆಯ ಪುರಸಭೆಗಳ ನಡಾವಳಿಗಳು ಗೆದ್ದಲು ಹಿಡಿಯುತ್ತಿವೆ. ಪ್ಲೇಗಮ್ಮನ ಗುಡಿಗಳ ಪೂಜಾರಿಗಳಿಗೆ ತಮ್ಮ ಅಜ್ಜಂದಿರು ಹೇಳಿದ್ದು ಇನ್ನೂ ನೆನಪಿದೆ. 2020 ಮತ್ತು 2021ರಲ್ಲಿ ಮನೆಯವರನ್ನು ಕಳೆದುಕೊಂಡ ಕುಟುಂಬಗಳ ಮಾತುಗಳನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ. ಅವರಲ್ಲಿ ಕೆಲವರು ಈ ಸಭಾಂಗಣದಲ್ಲೂ ಇರಬಹುದು. ಅವರ ಒಪ್ಪಿಗೆ ಕೇಳಿ, ಅವರು ಹೆಸರು ಬೇಡ ಎಂದರೆ ಹೆಸರು ಬಿಟ್ಟು, ಬರೆದುಕೊಳ್ಳಿ. ಈ ವರ್ಷವೇ ಶುರುಮಾಡಿ, ನೆನಪಿಟ್ಟುಕೊಂಡಿರುವವರಿಗೆ ವಯಸ್ಸಾಗುತ್ತಿದೆ.