ಒಂದೇ ಹೆಸರು, ಬೇರೆ ಬೇರೆ ಹಾಡು
(ಮಹಿಳಾ ವಿಭಾಗದ ಸ್ನೇಹಕೂಟದಲ್ಲಿ ಆಡಿದ ಮಾತು)



ಕಳೆದ ವರ್ಷದ ಗೀತಗಾಯನದ ಪಟ್ಟಿ ಬರೆದವಳು ನಾನು. ತಪ್ಪೂ ನನ್ನದೇ. ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡುತ್ತೇವೆಂದು ಇಬ್ಬರು ಹೆಸರು ಕೊಟ್ಟಿದ್ದರು. ಒಂದೇ ಹಾಡು ಎರಡು ಸಲ ಯಾಕೆಂದು ಇಬ್ಬರನ್ನೂ ಜೊತೆಗೆ ಹಾಡಲು ಹೇಳಿಬಿಟ್ಟೆ.

ರಿಹರ್ಸಲ್ ದಿನ ಡೊಂಬಿವಲಿಯಿಂದ ಹಿರಿಯರೊಬ್ಬರು ಶ್ರುತಿಪೆಟ್ಟಿಗೆ ಹಿಡಿದು ಬಂದರು. ಠಾಣೆಯ ಕಾಲೇಜು ಹುಡುಗಿ ಮೊಬೈಲಿನಲ್ಲಿ ಕರೋಕೆ ತಂದಿದ್ದಳು. ಅಕ್ಕ ಎತ್ತಿಕೊಂಡದ್ದು ಯಮುನಾ ಕಲ್ಯಾಣಿಯಲ್ಲಿ ವ್ಯಾಸರಾಯರ ಪದ. ಹುಡುಗಿಯದು ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಜೋಡಿ ‘ಕಲೋನಿಯಲ್ ಕಸಿನ್ಸ್’ 1996ರಲ್ಲಿ ಆ ಪದದ ಜೊತೆ ಇಂಗ್ಲಿಷ್ ಸಾಲು ಸೇರಿಸಿ ಕಟ್ಟಿದ ಪಾಪ್ ಹಾಡು. ಅಕ್ಕನ ಮುಖ ಸಣ್ಣಗಾಯಿತು. “ಇದು ಆ ಹಾಡೇ ಅಲ್ಲ” ಎಂದರು. ನಿಜ, ಅಲ್ಲ. 1986ರಲ್ಲಿ ವಿಷ್ಣುವರ್ಧನ್ ನಟಿಸಿದ ಸಿನಿಮಾಕ್ಕೂ ಅದೇ ಹೆಸರು!

ಹೀಗೇಕೆ? ದಾಸರು ಪದಗಳಿಗೆ ಶೀರ್ಷಿಕೆ ಇಟ್ಟವರಲ್ಲ. ಪಲ್ಲವಿಯ ಮೊದಲ ಮಾತೇ ನಮಗೆ ಹೆಸರು. ಯಾರ ಪದವೆಂದು ತಿಳಿಯಲು ಕೊನೆಯಲ್ಲಿ ಬರುವ ಅಂಕಿತ ನೋಡಬೇಕು, ವ್ಯಾಸರಾಯರದು ‘ಶ್ರೀಕೃಷ್ಣ’. ಇಂಗ್ಲಿಷ್ ಪಾಪ್ ಹಾಡಿಗೆ ಹೆಸರಿದ್ದೂ ಗೊಂದಲ ತಪ್ಪಿಲ್ಲ. 1984ರಲ್ಲಿ ಲಯನೆಲ್ ರಿಚಿಯ ‘ಹಲೋ’, 2015ರಲ್ಲಿ ಅಡೆಲ್‌ಳ ‘ಹಲೋ’. ಹೆಸರು ಬಿಟ್ಟರೆ ಒಂದಕ್ಕೊಂದು ಸಂಬಂಧವಿಲ್ಲ. ಕಾನೂನೂ ಅಡ್ಡ ಬರುವುದಿಲ್ಲ. ‘ದೇಸಿ ಬಾಯ್ಸ್’ ಸಿನಿಮಾದ ಹೆಸರಿನ ವ್ಯಾಜ್ಯದಲ್ಲಿ, ಬರೀ ಶೀರ್ಷಿಕೆಗೆ ಕಾಪಿರೈಟ್ ಇಲ್ಲವೆಂದು ನಮ್ಮ ಸುಪ್ರೀಂ ಕೋರ್ಟೇ 2015ರಲ್ಲಿ ಹೇಳಿದೆ.

ಆ ದಿನಕ್ಕೆ ಮತ್ತೆ ಬರುತ್ತೇನೆ. ಅಕ್ಕ ಹಾಡಿ ಮುಗಿಸಿದಾಗ ಹುಡುಗಿ ಮೆಲ್ಲಗೆ ಕೇಳಿದಳು: “ಆಂಟಿ, ಇದು ಕನ್ನಡವಾ?”

ನಾನು ಸುಮ್ಮನಾದೆ. ಮನೆಯಲ್ಲಿ ಕನ್ನಡ ಆಡುವ ಹುಡುಗಿ. ಚಿಕ್ಕಂದಿನಿಂದ ಆ ಪಾಪ್ ಹಾಡು ಬಾಯಿಪಾಠ. ಆದರೆ ಅದರ ಪಲ್ಲವಿ ತನ್ನ ಭಾಷೆಯದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ.

ಅಕ್ಕ ಶ್ರುತಿಪೆಟ್ಟಿಗೆ ಅವಳ ಕಡೆ ಸರಿಸಿ, “ಬಾ ಮಗಾ, ಕೂತ್ಕೋ” ಎಂದರು. ಒಂದೊಂದೇ ಚರಣದ ಅರ್ಥ ಹೇಳಿದರು. ಹುಡುಗಿ ಅದನ್ನು ದೇವನಾಗರಿಯಲ್ಲಿ ಬರೆದುಕೊಂಡಳು, ಕನ್ನಡ ಅಕ್ಷರ ಅವಳಿಗೆ ಬಾರದು. ಕಾರ್ಯಕ್ರಮದಲ್ಲಿ ಎರಡೂ ಹಾಡು ಆಯಿತು. ಮೊದಲು ಇಬ್ಬರೂ ಸೇರಿ ವ್ಯಾಸರಾಯರ ಪದ, ಆಮೇಲೆ ಗಿಟಾರಿನ ಹಾಡು. ಅದಕ್ಕೆ ಮೊದಲು ತಾಳ ಹಾಕಿದವರು ಅಕ್ಕನೇ.

ಸಖಿಯರೇ, ನನ್ನ ಕೋರಿಕೆ ಇಷ್ಟೇ. ಇನ್ನು ಪಟ್ಟಿಗೆ ಹಾಡು ಕೊಡುವಾಗ ಬರೆದವರ ಹೆಸರನ್ನೂ ಕೊಡಿ, ಸಿನಿಮಾದ್ದಾದರೆ ಸಿನಿಮಾದ ಹೆಸರನ್ನೂ. ಮನೆಯಲ್ಲಿ ಮಕ್ಕಳು ಕನ್ನಡದ ಸಾಲೊಂದನ್ನು ಗುನುಗಿದರೆ, “ಇದು ನಮ್ಮದು, ಗೊತ್ತಾ?” ಎಂದು ಒಂದು ಮಾತು ಹೇಳಿ. ಅಂದ ಹಾಗೆ, ಆ ಹುಡುಗಿ ಈಗ ಕನ್ನಡ ಅಕ್ಷರ ಕಲಿಯುತ್ತಿದ್ದಾಳೆ. ‘ಕೃ’ ಬರೆಯುವುದು ಮಾತ್ರ ಇನ್ನೂ ಕಷ್ಟವಂತೆ!