ಬಾಗಿದ ಬಿದಿರು, ಕಡಿಯದ ನಾರು

ಬಿಲ್ಲಿನಂತೆ ಬಾಗಿದ ಬೆನ್ನು, ಬೆತ್ತದ ಹೆಣಿಗೆಯ ದುಂಡು ಆಸನ ಇರುವ ಹಗುರವಾದ ಮರದ ಕುರ್ಚಿಯನ್ನು ಹಳೆಯ ಹೋಟೆಲಿನಲ್ಲೋ ಹಿರಿಯರ ಮನೆಯಲ್ಲೋ ನೀವು ಕಂಡಿರಬಹುದು. ಅದರ ಮೂಲ ಮಾದರಿ 1859ರದು. ವಿಯೆನ್ನಾದಲ್ಲಿ ನೆಲೆಸಿದ್ದ ಜರ್ಮನ್ ಬಡಗಿ ಮಿಖಾಯೆಲ್ ತೋನೆಟ್ ಅದನ್ನು ರೂಪಿಸಿದ.

ಹಲಗೆಯಲ್ಲಿ ಬಾಗನ್ನು ಗರಗಸದಿಂದ ಕೊಯ್ದರೆ ಮರದ ನಾರು ತುಂಡಾಗುತ್ತದೆ. ಭಾರ ಬಿದ್ದಾಗ ಅಲ್ಲಿಯೇ ಬಿರಿಯುತ್ತದೆ. ತೋನೆಟ್ ಕೊಯ್ಯಲಿಲ್ಲ. ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆತ್ತಗಾಗಿಸಿ, ಅಚ್ಚಿಗೆ ಬಾಗಿಸಿ ಒಣಗಿಸಿದ. ಹಬೆಗೆ ಬೆಂದ ಮರ ಚೆನ್ನಾಗಿ ಕುಗ್ಗುತ್ತದೆ, ಆದರೆ ಹೆಚ್ಚು ಹಿಗ್ಗುವುದಿಲ್ಲ. ಆದ್ದರಿಂದ ಬಾಗಿನ ಹೊರಮೈಗೆ ಲೋಹದ ಪಟ್ಟಿ ಬಿಗಿದ. ನಾರು ಕಡಿಯಲಿಲ್ಲ. ಆರು ಬಿಡಿಭಾಗ, ಹತ್ತು ತಿರುಪು, ಎರಡು ನಟ್ಟು ಸೇರಿದರೆ ಕುರ್ಚಿ ಸಿದ್ಧ.

ನಾರು ಕಡಿಯದಂತೆ ಬಾಗಿಸುವ ವಿದ್ಯೆ ಹಂಪಿಯ ನದಿಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ. ಅದೇ ನಮ್ಮ ಹರಿಗೋಲು.

ಇಲ್ಲಿ ಹಬೆಯೂ ಬೇಡ, ಅಚ್ಚೂ ಬೇಡ. ಬಿದಿರನ್ನು ಉದ್ದಕ್ಕೆ ಸೀಳಿ ದಬ್ಬೆ ಮಾಡುತ್ತಾರೆ. ಉದ್ದಕ್ಕೆ ಸೀಳಿದಾಗ ನಾರು ಕಡಿಯುವುದಿಲ್ಲ. ತೆಳು ದಬ್ಬೆ ಹಸಿಯಾಗಿರುವಾಗ ಕೈಗೆ ಬಾಗುತ್ತದೆ. ನೆಲದ ಮೇಲೆ ತಳ ಹೆಣೆದು, ಅಂಚನ್ನು ಮೇಲಕ್ಕೆ ಬಾಗಿಸಿ, ಬಾಯಿಯ ಸುತ್ತ ಬಿಗಿಯುತ್ತಾರೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ನದಿಯ ಬಂಡೆಗೆ ತಗುಲಿದರೆ ಹೆಣಿಗೆ ಬಳುಕಿ ಪೆಟ್ಟನ್ನು ತಡೆದುಕೊಳ್ಳುತ್ತದೆ.

ಆದರೆ ಇವೆರಡಕ್ಕೂ ಒಂದು ದೊಡ್ಡ ಅಂತರವಿದೆ. ತೋನೆಟ್‌ನ ಕುರ್ಚಿ ನೂರು ವರ್ಷ ಕಳೆದರೂ ಹಳೆಯ ವಸ್ತುಗಳ ಅಂಗಡಿಯಲ್ಲಿ ಸಿಗುತ್ತದೆ. ಹರಿಗೋಲು ನೀರಿನಲ್ಲಿ ನೆನೆದು ಕೆಲವೇ ವರ್ಷಗಳಲ್ಲಿ ಸವೆಯುತ್ತದೆ. ಪಾಯೆಸ್ ಕಂಡ ದೋಣಿ ಉಳಿದಿಲ್ಲ. ಅದನ್ನು ಹೆಣೆಯುವ ವಿದ್ಯೆ ಕೈಯಿಂದ ಕೈಗೆ ಬಂದು ಉಳಿದಿದೆ.

ಕಂಪ್ಲಿಯಂಥ ಕಡೆ ಸೇತುವೆ ಬಂದ ಮೇಲೆ ದಾಟಿಸುವ ಕೆಲಸ ಕಡಿಮೆಯಾಯಿತು. ಈಗ ಹರಿಗೋಲಿಗೆ ಮೀನುಗಾರರೂ ಪ್ರವಾಸಿಗರೂ ಆಸರೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಕಲ್ಲುಗಳಿಗೆ ಕಾವಲಿದೆ. ಹರಿಗೋಲಿಗೆ ಕಾವಲಿಟ್ಟು ಪ್ರಯೋಜನವಿಲ್ಲ. ಒಂದನ್ನು ತಂದು ವಸ್ತುಸಂಗ್ರಹಾಲಯದಲ್ಲಿ ತೂಗುಹಾಕಿದರೆ ಬುಟ್ಟಿ ಉಳಿದೀತು, ವಿದ್ಯೆ ಉಳಿಯದು. ಹೆಣೆಯುವವರಿಗೆ ಬಿದಿರು ಸಿಗಬೇಕು, ದುಡಿಮೆಗೆ ತಕ್ಕ ಬೆಲೆ ಸಿಗಬೇಕು, ಪಕ್ಕದಲ್ಲಿ ಕೂತು ಕಲಿಯುವ ಹುಡುಗನಿರಬೇಕು. ಆಗ ಮಾತ್ರ ಮುಂದಿನ ಹರಿಗೋಲು ನೀರಿಗಿಳಿಯುತ್ತದೆ.