ಖ್ವಾಜಾ ಅಹ್ಮದ್ ಅಬ್ಬಾಸ್: ಅಂಕಣಕಾರನ ಕ್ಯಾಮೆರಾ

'ಬಾಂಬೆ ಕ್ರಾನಿಕಲ್' ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದ ಖ್ವಾಜಾ ಅಹ್ಮದ್ ಅಬ್ಬಾಸ್ ತಾವೇ ಚಿತ್ರಕಥೆಗೆ ಕೈಹಾಕಿದಾಗ ಆರಿಸಿಕೊಂಡದ್ದು ಪತ್ರಕರ್ತರ ಕಥೆಯನ್ನೇ. ಬಾಂಬೆ ಟಾಕೀಸ್‌ನ 'ನಯಾ ಸಂಸಾರ್' (1941) ಹಾಗೆ ಬಂತು. ಅಂಕಣವನ್ನು ಮಾತ್ರ ಅವರು ಬಿಡಲಿಲ್ಲ. 'ಲಾಸ್ಟ್ ಪೇಜ್' ಕ್ರಾನಿಕಲ್‌ನಿಂದ 'ಬ್ಲಿಟ್ಜ್'ಗೆ ಹೋಗಿ, 1987ರಲ್ಲಿ ಅವರು ತೀರಿಕೊಳ್ಳುವವರೆಗೂ ನಡೆಯಿತು.

ಹುಟ್ಟಿದ್ದು 1914ರಲ್ಲಿ, ಪಾಣಿಪತ್ತಿನಲ್ಲಿ, ಉರ್ದು ಕವಿ ಹಾಲಿಯ ವಂಶದಲ್ಲಿ. ಓದಿದ್ದು ಅಲಿಗಢದಲ್ಲಿ.

ನಿರ್ದೇಶಕರಾಗಿ ಮೊದಲು ತೆಗೆದ 'ಧರತಿ ಕೆ ಲಾಲ್' (1946) ಬಂಗಾಳದ ಕ್ಷಾಮದ ಚಿತ್ರ. ಇಪ್ಟಾ ರಂಗತಂಡದ ನಿರ್ಮಾಣ, ರವಿಶಂಕರರ ಸಂಗೀತ, ಬಲರಾಜ್ ಸಾಹನಿ ಮತ್ತು ಶಂಭು ಮಿತ್ರರ ನಟನೆ. 'ಮುನ್ನಾ' (1954) ತೆಗೆದಾಗ ಹಾಡುಗಳನ್ನೇ ಕೈಬಿಟ್ಟರು. ಹಾಡಿಲ್ಲದ ಹಿಂದಿ ಚಿತ್ರ ಎಂದರೆ ಆಗ ಗಲ್ಲಾಪೆಟ್ಟಿಗೆಗೆ ತಾವೇ ಬೀಗ ಹಾಕಿದಂತೆ!

ಅದೇ ಅಬ್ಬಾಸ್ ರಾಜ್ ಕಪೂರ್‌ಗೆ ಬರೆದ 'ಆವಾರಾ' (1951) ಮಾಸ್ಕೋದ ಬೀದಿಗಳಲ್ಲೂ ಜನರ ಬಾಯಲ್ಲಿ ಗುನುಗಿತು. ತೆರೆಯ ಮೇಲಿನ ಅಪ್ಪ-ಮಗನನ್ನು ನಿಜ ಜೀವನದ ಅಪ್ಪ-ಮಗನೇ ಮಾಡಬೇಕೆಂದು ಅವರು ಹಟ ಹಿಡಿದರು. ಪೃಥ್ವಿರಾಜ್ ಮತ್ತು ರಾಜ್ ಕಪೂರ್ ನ್ಯಾಯಾಲಯದ ದೃಶ್ಯದಲ್ಲಿ ಎದುರಾಬದುರು ನಿಂತದ್ದು ಹೀಗೆ. 'ಶ್ರೀ 420', 'ಬಾಬಿ' ಕೂಡ ಅವರ ಲೇಖನಿಯವೇ. ಬೇರೆಯವರ ಕೈಗೆ ಕೊಟ್ಟಾಗ ಅವರ ಕಥೆಗೆ ರಾಗ, ಬೆಡಗು ಕೂಡಿಕೊಳ್ಳುತ್ತಿತ್ತು. ತಾವೇ ತೆಗೆದಾಗ ಅಂಕಣಕಾರ ಅಡ್ಡ ಬರುತ್ತಿದ್ದ.

ಅಡ್ಡ ಬಂದದ್ದು ಒಮ್ಮೊಮ್ಮೆ ಒಳ್ಳೆಯದೇ ಆಯಿತು. 'ಶೆಹರ್ ಔರ್ ಸಪ್ನಾ' (1963) ಚಿತ್ರದ ದಂಪತಿಗೆ ಮುಂಬಯಿಯಲ್ಲಿ ಸಿಗುವ ಮನೆ, ಇನ್ನೂ ಹೂಳದ ಒಂದು ಚರಂಡಿ ಪೈಪು. ಸಂಸಾರ ಹೂಡುವುದು ಅದರೊಳಗೇ. ವರದಿಗಾರನ ಕಣ್ಣಿಗೆ ಮಾತ್ರ ಬೀಳಬಹುದಾದ ಈ ವಿವರ ಇಡೀ ಚಿತ್ರವನ್ನು ಹೊತ್ತಿದೆ. ಅತ್ಯುತ್ತಮ ಚಿತ್ರಕ್ಕಾಗಿ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಗೋವಾ ವಿಮೋಚನೆಯ 'ಸಾತ್ ಹಿಂದುಸ್ತಾನಿ'ಯಲ್ಲಿ (1969) ಬಂಗಾಳದ ಉತ್ಪಲ್ ದತ್ ಪಂಜಾಬಿಯಾದರು, ಕೇರಳದ ಮಧು ಬಂಗಾಳಿಯಾದರು, ಹೊಸಬ ಅಮಿತಾಭ್ ಬಚ್ಚನ್ ಬಿಹಾರದ ಮುಸ್ಲಿಂ ಕವಿಯಾದರು. ಸಂಪಾದಕೀಯವಾಗಿ ಸೊಗಸಾದ ಯೋಚನೆ, ಚಿತ್ರವಾಗಿ ಸಾಧಾರಣ.

ಕಾದಂಬರಿ 'ಇನ್‌ಕ್ವಿಲಾಬ್' ಕೂಡ ಇದೇ ಜಾಯಮಾನದ್ದು. ಜಲಿಯನ್‌ವಾಲಾಬಾಗ್ ಕಾಲದಿಂದ ಮುಂದೆ ಸಾಗುವ ಸ್ವಾತಂತ್ರ್ಯ ಹೋರಾಟದ ನಡುವೆ ಬೆಳೆಯುವ ಅನ್ವರ್‌ಗೆ ತನ್ನ ಹುಟ್ಟಿನ ಬಗ್ಗೆ ಕಡೆಗೆ ತಿಳಿಯುವ ಸಂಗತಿ ಹಿಂದೂ–ಮುಸ್ಲಿಂ ಗೆರೆಯನ್ನೇ ಅಳಿಸಿಹಾಕುತ್ತದೆ. ಪಾತ್ರಕ್ಕಿಂತ ಘಟನೆ ಮುಂದೆ ಓಡುತ್ತದೆ, ನಿಜ. ಆದರೆ ಆ ಕಾಲದ ಬಿಸಿ ಅದರಲ್ಲಿದೆ.

ಅಬ್ಬಾಸರ ಹೆಸರು ಕಾನೂನು ವಿದ್ಯಾರ್ಥಿಗಳಿಗೂ ಗೊತ್ತು. ಕಲ್ಕತ್ತ, ಮುಂಬಯಿ, ಮದರಾಸು, ದಿಲ್ಲಿಗಳ ಸಿರಿ-ಬಡತನವನ್ನು ಎದುರುಬದುರು ಇಟ್ಟು ತೋರಿಸಿದ ಅವರ ಕಿರುಚಿತ್ರಕ್ಕೆ ಸೆನ್ಸಾರ್ ಮಂಡಳಿ 'ಎ' ಪ್ರಮಾಣಪತ್ರ ಕೊಟ್ಟಿತು. ಮುಂಬಯಿಯ ವೇಶ್ಯಾವಾಟಿಕೆಯ ದೃಶ್ಯ ಕತ್ತರಿಸಿದರೆ 'ಯು' ಕೊಡುತ್ತೇವೆಂದಿತು ಸರ್ಕಾರ. ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಕತ್ತರಿಯಿಲ್ಲದೆ 'ಯು' ಕೊಡಲು ಒಪ್ಪಿತು. ಬೇರೆಯವರಾಗಿದ್ದರೆ ಅಲ್ಲಿಗೆ ಮನೆಗೆ ಹೋಗುತ್ತಿದ್ದರು. ಅಬ್ಬಾಸ್, ಬಿಡುಗಡೆಗೆ ಮುಂಚಿನ ಸೆನ್ಸಾರೇ ಸಂವಿಧಾನಕ್ಕೆ ವಿರುದ್ಧವೆಂದು ವಾದ ಮುಂದುವರಿಸಿದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ 1970ರಲ್ಲಿ ಸೆನ್ಸಾರನ್ನು ಎತ್ತಿಹಿಡಿಯಿತು: ಸಿನಿಮಾ ಉಳಿದ ಕಲೆಗಳಿಗಿಂತ ಆಳವಾಗಿ ಮನಸ್ಸನ್ನು ಕಲಕುತ್ತದೆ ಎಂಬುದು ಕಾರಣ. ಆದರೆ ಲೈಂಗಿಕತೆ ಎಂದಮಾತ್ರಕ್ಕೆ ಅಶ್ಲೀಲವಲ್ಲ ಎಂದೂ ಹೇಳಿತು. ಸರ್ಕಾರದ ಬದಲು ಸ್ವತಂತ್ರ ನ್ಯಾಯಮಂಡಳಿಯೊಂದು ಮೇಲ್ಮನವಿ ಕೇಳಬೇಕೆಂಬ ಮಾತೂ ಆಗ ಬಂತು. ಅಂಥ ಮಂಡಳಿ 1983ರಲ್ಲಿ ಕೆಲಸ ಶುರುಮಾಡಿತು. 2021ರಲ್ಲಿ ಅದನ್ನು ರದ್ದು ಮಾಡಲಾಯಿತು.